ಬೆಳಕಿಗೂ ಒಂದು ತೂಬು



ಏಪ್ರಿಲ್ ಹದಿನಾಲ್ಕಕ್ಕೆ ಹಾಸ್ಟೆಲಿನ ಊಟದ ಹಾಲಿನ ಗೋಡೆಗೆ ಒಂದು ಚಿತ್ರ ಬರೆಯಬೇಕು ಅಂತ ನಾವೆಲ್ಲ ಕೂತು ಮಾತಾಡಿದೆವು. ಗೋಡೆಗೆ ಸುಣ್ಣ ಬಳಿದಾಗಿತ್ತು. ಬಣ್ಣಕ್ಕೆ ಚಂದಾ ಎತ್ತಿದ್ದೂ ಆಗಿತ್ತು. ಏನು ಬರೆಯಬೇಕು ಅನ್ನೋದು ಮಾತ್ರ ಇತ್ಯರ್ಥ ಆಗಲಿಲ್ಲ. ಒಬ್ಬ ಬೇಡಿ ಹರಿಯುವ ಕೈ ಅಂದ. ಇನ್ನೊಬ್ಬ ಉರಿಯುವ ಗುಡಿಸಲು ಅಂದ. ಯಾವಾಗಲೂ ಮೂಲೆಯಲ್ಲಿ ಕೂರುವ ತೂಬಗೆರೆ ಕಡೆಯ ಗೆಳೆಯ ಒಬ್ಬ ಮೆಲ್ಲಗೆ ಹೇಳಿದ: "ನಮ್ಮನೆಯೋರು ಹಲಸಿನಹಣ್ಣು ಕೀಳೋದನ್ನ ಬರೆಯೋಣ ಕಣ್ರೋ."

ಎಲ್ಲರೂ ನಕ್ಕರು. ಸುಳ್ಳು ಯಾಕೆ, ಇದನ್ನು ಬರೆಯುತ್ತಿರುವ ನಾವೂ ನಕ್ಕೆವು. "ಹಣ್ಣು ಕೀಳೋದು ಯಾವ ಸೀಮೆ ಹೋರಾಟ್ಲಾ?" ಅಂತ ಒಬ್ಬ ಕೂಗಿದ. ಗೆಳೆಯ ತಿರುಗಿ ಏನೂ ಅನ್ನಲಿಲ್ಲ, ತಟ್ಟೆ ತೊಳೆಯೋಕೆ ಎದ್ದು ಹೋದ. ಆವತ್ತು ನಕ್ಕಿದ್ದು ತಪ್ಪು ಅಂತ ನಮಗೆ ಆಮೇಲೆ ಗೊತ್ತಾಯಿತು. ಯಾಕೆ ತಪ್ಪು ಅಂತ ಹೇಳುವುದಕ್ಕೇ ಈ ಬರಹ.

ಹಣ್ಣು ಕೀಳುವುದನ್ನೇ ಚಿತ್ರ ಬರೆದ ದೊಡ್ಡ ಕಲಾವಿದರಿದ್ದಾರೆ. ಅವರಲ್ಲಿ ಒಬ್ಬ ಕಮೀಲ್ ಪಿಸಾರೋ. ಫ್ರಾನ್ಸಿನ ಎರಾನ್ಯಿ ಅನ್ನುವ ಹಳ್ಳಿಗೆ 1884ರಲ್ಲಿ ಹೋಗಿ ನೆಲೆಸಿದವನು. 1888ರಲ್ಲಿ ಅವನು ಬರೆದ 'ಸೇಬಿನ ಕೊಯ್ಲು' ಅನ್ನುವ ಚಿತ್ರ ಈಗ ಅಮೆರಿಕದ ಡಲ್ಲಾಸ್ ನಗರದ ಮ್ಯೂಸಿಯಮ್ಮಿನಲ್ಲಿದೆ. ನಾವು ನೋಡಿದ್ದು ಲೈಬ್ರರಿ ಪುಸ್ತಕದಲ್ಲಿ ಅಚ್ಚಾದ ಅಂಗೈಯಗಲದ ಪಟ. ಅಷ್ಟೇ ಸಾಕಾಯಿತು.

ಚಿತ್ರದಲ್ಲಿ ಒಂದು ಸೇಬಿನ ಮರ. ಒಬ್ಬ ಗಂಡಾಳು ಉದ್ದನೆಯ ಕೋಲಿನಿಂದ ಕೊಂಬೆ ಅಲುಗಿಸುತ್ತಿದ್ದಾನೆ. ಹೆಂಗಸರು ಬಾಗಿ ಕೆಳಗೆ ಬಿದ್ದದ್ದನ್ನು ಆಯುತ್ತಿದ್ದಾರೆ. ಬುಟ್ಟಿಗಳಿವೆ. ರಾಜ ಇಲ್ಲ, ದೇವರಿಲ್ಲ, ಕುದುರೆ ಮೇಲೆ ಕೂತ ಧಣಿ ಇಲ್ಲ. ಸುತ್ತಲೂ ಬಿಸಿಲು ಕಾದ ಹಂಚಿನ ಹಾಗೆ ಬಿದ್ದಿದೆ. ಮರದ ಬುಡದಲ್ಲಿ ದುಂಡಗೆ ನೆರಳು.

ಆ ನೆರಳನ್ನು ನೋಡಬೇಕು. ಅದು ಕಪ್ಪಾಗಿಲ್ಲ! ಅದರಲ್ಲಿ ನೀಲಿ ಇದೆ, ನೇರಳೆ ಇದೆ, ನಸುಗೆಂಪು ಇದೆ. ಸಣ್ಣ ಸಣ್ಣ ಚುಕ್ಕೆ ಇಟ್ಟು ನೆರಳನ್ನು ಕಟ್ಟಿದ್ದಾನೆ. ಅದರೊಳಗೆ ನಿಂತು ಆಯುತ್ತಿರುವ ಹೆಂಗಸಿನ ರವಿಕೆಯ ಬಣ್ಣ ಕಾಣುತ್ತದೆ. ನೆರಳು ಅಂದರೆ ಬೆಳಕು ಸತ್ತ ಜಾಗ ಅಂತ ನಾವು ತಿಳಿದಿದ್ದೆವು. ಈ ಮನುಷ್ಯ ಅದು ಬೇರೆ ಬಗೆಯ ಬೆಳಕು ಅಂತ ತೋರಿಸಿಬಿಟ್ಟ. ಅವನೂ ಅವನ ಗೆಳೆಯರೂ ಪ್ಯಾರಿಸ್ಸಿನ ದೊಡ್ಡವರಿಂದ ಉಗಿಸಿಕೊಂಡದ್ದು ಇಂಥದ್ದಕ್ಕೇ. ಅಕಾಡೆಮಿಯ ಪಂಡಿತರಿಗೆ ನೆರಳು ಕಂದಾಗಿ, ಕಪ್ಪಾಗಿ ಇರಬೇಕಿತ್ತು. ನಡುವೆ ದೇವತೆಯೋ ದೊರೆಯೋ ಬೆಳಗಬೇಕಿತ್ತು.

ಅವನ ಕಥೆಯನ್ನೂ ಸ್ವಲ್ಪ ಕೇಳಿ. ಅವನು ಹುಟ್ಟಿದ್ದು 1830ರಲ್ಲಿ, ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಲ್ಲಿ. ಆಗ ಅದು ಡೇನರ ಕೈಯಲ್ಲಿತ್ತು. 1848ರವರೆಗೂ ಅಲ್ಲಿ ಗುಲಾಮಗಿರಿ ಇತ್ತು. ಅವನ ತಂದೆ ತಾಯಿಯ ಮದುವೆಯನ್ನು ಅಲ್ಲಿನ ಯೆಹೂದಿ ಸಮಾಜದವರು ಬಹಳ ವರ್ಷ ಒಪ್ಪಲಿಲ್ಲ. ಅದರಿಂದಾಗಿ ಆ ಮನೆಯ ಮಕ್ಕಳು ಕರಿಯರ ಮಕ್ಕಳ ಜೊತೆ ಕೂತು ಓದಿದರು. ಸ್ವಂತ ಜನವೇ ಹೊರಗಿಟ್ಟರೆ ಹೇಗಿರುತ್ತದೆ ಅನ್ನುವುದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಅದಕ್ಕೇ ಹಾಗೆ ಬರೆದ ಅಂತ ನಾವು ಹೇಳುತ್ತಿಲ್ಲ. ಹೊರಗೆ ನಿಂತವನಿಗೆ ನೆರಳಿನ ಒಳಗಡೆ ಏನಿದೆ ಅಂತ ನೋಡುವ ಪುರಸೊತ್ತು ಇರುತ್ತದೆ ಅಂತ ಮಾತ್ರ ಹೇಳುತ್ತಿದ್ದೇವೆ. ಇನ್ನೊಂದು ಮಾತು. ಚುಕ್ಕೆ ಇಡುವ ಆ ವಿದ್ಯೆಯನ್ನು ಅವನು ಕಲಿತದ್ದು ಐವತ್ತೈದರ ವಯಸ್ಸಿನಲ್ಲಿ, ಸೆರಾ ಅನ್ನುವ ಇಪ್ಪತ್ತಾರರ ಹುಡುಗನಿಂದ. ನಮ್ಮ ಮುಂದಾಳುಗಳೂ ಇದನ್ನು ಓದಿದರೆ ಒಳ್ಳೆಯದು!

ಈಗ ತೂಬಗೆರೆಗೆ ಬರೋಣ.

ದೊಡ್ಡಬಳ್ಳಾಪುರ ತಾಲೂಕಿನ ತೂಬಗೆರೆ ಹೋಬಳಿಯ ಹಲಸಿಗೆ ಹೆಸರಿದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವವರು ಆ ಮರಗಳನ್ನು ನೋಡಿರುತ್ತಾರೆ. ಹೊಲದ ಬದುವಿನ ಮೇಲೆ ನಿಂತ ಹಳೆಯ ಮರಗಳು. ಮಳೆ ನೀರು ಬಿಟ್ಟರೆ ಇನ್ನೊಂದು ನೀರು ಕೇಳದ ಮರಗಳು. ಕೆಂಪು ತೊಳೆಯ ಚಂದ್ರ ಹಲಸು ಅಲ್ಲಿ ಸಿಗುತ್ತದೆ. ಜಿ.ಕೆ.ವಿ.ಕೆ.ಯ ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಅಲ್ಲಿನ ಬೆಳೆಗಾರರು ಸಂಘ ಕಟ್ಟಿಕೊಂಡಿದ್ದಾರೆ. ಹಲಸಿಗೆ ಈಗ ಮಾನ ಬಂದಿದೆ. ಪಕ್ಕದ ಕೇರಳ 2018ರಲ್ಲಿ ಹಲಸನ್ನು ತನ್ನ ರಾಜ್ಯದ ಹಣ್ಣು ಅಂತ ಸಾರಿತು. ಸಂತೋಷ. ಹಣ್ಣಿಗೆ ಬಂದ ಮಾನ ಮರ ಹತ್ತಿದವನಿಗೂ ಬಂತಾ ಅನ್ನೋದು ನಮ್ಮ ಪ್ರಶ್ನೆ.

ಹಲಸು ಕೀಳೋದು ಸೇಬು ಕಿತ್ತ ಹಾಗಲ್ಲ. ಕೋಲು ಅಲುಗಿಸಿದರೆ ಬೀಳುವ ಹಣ್ಣಲ್ಲ ಅದು. ಬಿದ್ದರೆ ಒಡೆದು ಹೋಗುತ್ತದೆ. ಅಡ್ಡ ಸಿಕ್ಕವನ ತಲೆಯೂ ಒಡೆಯುತ್ತದೆ. ಇಪ್ಪತ್ತು ಕೆ.ಜಿ. ತೂಗುವ ಕಾಯಿ ಕೊಂಬೆಯಲ್ಲಿ ನೇತಾಡುತ್ತಿರುತ್ತದೆ. ಒಬ್ಬ ಹತ್ತಬೇಕು. ಬೆರಳಲ್ಲಿ ಬಡಿದು ಸದ್ದು ಕೇಳಬೇಕು. ಎಳೆಯದು ಒಂದು ಥರ ಸದ್ದು, ಬಲಿತದ್ದು ಇನ್ನೊಂದು ಥರ. ಮುಳ್ಳು ಅಗಲವಾಗಿದೆಯಾ ನೋಡಬೇಕು. ಹಗ್ಗ ಬಿಗಿದು, ಆಮೇಲೆ ತೊಟ್ಟಿಗೆ ಮಚ್ಚು ಹಾಕಬೇಕು. ತೊಟ್ಟಿನಿಂದ ಹಾಲಿನಂಥ ಸೊನೆ ಸುರಿಯುತ್ತದೆ. ಮೈಗೆ, ತಲೆಕೂದಲಿಗೆ, ಕಣ್ಣ ರೆಪ್ಪೆಗೆ ಅಂಟುತ್ತದೆ. ಅಂಟಿದರೆ ಸೋಪಿಗೆ ಜಗ್ಗದು, ಎಣ್ಣೆಯೇ ಆಗಬೇಕು. ಕೆಳಗೆ ನಿಂತವರು ಹಗ್ಗ ಸಡಿಲ ಬಿಡುತ್ತಾ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಕಾಯನ್ನು ಗೋಣಿಚೀಲದ ಮೇಲೆ ಇಳಿಸಬೇಕು. ಮೇ ತಿಂಗಳಿನಿಂದ ಜುಲೈವರೆಗೆ ಇದೇ ಕೆಲಸ.

ನಮ್ಮ ಗೆಳೆಯನ ಮನೆಯಲ್ಲಿ ಅಪ್ಪ ಹತ್ತುತ್ತಾರೆ, ಅವ್ವ ಹಗ್ಗ ಹಿಡಿಯುತ್ತಾಳೆ, ತಂಗಿ ಗೋಣಿಚೀಲ ಹಾಸುತ್ತಾಳೆ, ರಜಕ್ಕೆ ಹೋದಾಗ ಇವನು ಟೆಂಪೋಗೆ ಹೊರುತ್ತಾನೆ. ಇಡೀ ಸಂಸಾರದ ಕೊಯ್ಲು! ಚಿತ್ರಕ್ಕೆ ಇದಕ್ಕಿಂತ ಏನು ಬೇಕು? ಆದರೆ ಮರ ಅವರದಲ್ಲ. ಕೂಲಿಗೆ ಹತ್ತುತ್ತಾರೆ. ಹೇಳಬೇಕಾದ ಮಾತು ಇನ್ನೂ ಒಂದಿದೆ. ಆ ಮರಗಳಲ್ಲಿ ಎರಡನ್ನು ನೆಟ್ಟದ್ದು ಇವನ ತಾತ. ಸರಕಾರ ಆತನಿಗೆ ಮಂಜೂರು ಮಾಡಿದ್ದ ನೆಲದಲ್ಲಿ ನೆಟ್ಟದ್ದು. ಒಂದು ಮದುವೆ, ಒಂದು ಕಾಯಿಲೆ, ಒಂದು ಹೆಬ್ಬೆಟ್ಟು. ನೆಲ ಹೋಯಿತು. ತಾತ ನೆಟ್ಟ ಮರಕ್ಕೆ ಮಗ ಕೂಲಿಗೆ ಹತ್ತುತ್ತಿದ್ದಾನೆ. ಹಾಸ್ಟೆಲಿನಲ್ಲಿ ಅವನು ಬರೆಯೋಣ ಅಂದದ್ದು ಇದನ್ನು. ನಾವು ನಕ್ಕಿದ್ದು ಇದಕ್ಕೆ.

"ಹಸಿದು ಹಲಸು, ಉಂಡು ಮಾವು" ಅಂತ ಗಾದೆ. ಹಸಿದವರ ಹಣ್ಣು ಹಲಸು. "ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ" ಅಂತ ಇನ್ನೊಂದು. ನಮ್ಮವರದು ಅದಕ್ಕೂ ಒಂದು ಕೈ ಮೇಲೆ. ಸೊನೆ ಮೆತ್ತಿಕೊಂಡವನಿಗೆ ಸಿಪ್ಪೆಯೂ ಇಲ್ಲ, ಅದು ಧಣಿಯ ಹಸುವಿಗೆ.

ಇದೆಲ್ಲ ಚಿತ್ರದಲ್ಲಿ ಹೇಗೆ ಬರುತ್ತದೆ? ಹೋದ ವರ್ಷ ನಗರದ ಒಂದು ಪ್ರದರ್ಶನಕ್ಕೆ ನಾವು ನಾಲ್ಕು ಜನ ಹೋಗಿದ್ದೆವು. ಅಲ್ಲಿ ಹಲಸಿನದೇ ಒಂದು ಚಿತ್ರ ಇತ್ತು. ಬರೆದವರ ಹೆಸರು ಬೇಡ, ಕೈ ಪಳಗಿದ ಕಲಾವಿದರೇ. ತೊಟ್ಟಿ ಮನೆಯ ಅಂಗಳ. ಅಜ್ಜಿ, ಸೊಸೆ, ಮಕ್ಕಳು ಹೆಚ್ಚಿದ ಹಣ್ಣಿನ ಸುತ್ತ ಕೂತಿದ್ದಾರೆ. ಮೇಲಿನಿಂದ ಬೆಳಕು ಇಳಿದಿದೆ. ತೊಳೆ ಬಂಗಾರದ ಹಾಗೆ ಹೊಳೆಯುತ್ತಿದೆ, ಅಜ್ಜಿಯ ಮೂಗುತಿ ಹೊಳೆಯುತ್ತಿದೆ. ಹಿತ್ತಲ ಬಾಗಿಲಿನ ಆಚೆ, ಮರದ ಮೇಲೆ, ಹಗ್ಗ ಹಿಡಿದ ಒಬ್ಬ ಮನುಷ್ಯ. ಅವನಿಗೆ ಮುಖ ಇಲ್ಲ. ಕಂದು ಬಣ್ಣದಲ್ಲಿ ಎರಡು ಸಲ ಬ್ರಷ್ ಎಳೆದಿದ್ದಾರೆ ಅಷ್ಟೆ. ಮರದ ಗಂಟೋ ಮನುಷ್ಯನೋ ಅಂತ ಬಗ್ಗಿ ನೋಡಬೇಕು. ಚಿತ್ರದ ಹೆಸರು ಸಂಸಾರದ್ದು. ಆ ಸಂಸಾರದ ಲೆಕ್ಕದಲ್ಲಿ ಅವನಿಲ್ಲ.

ಬಿಸಿಲಿನಲ್ಲಿ ಇರುವವನು ಅವನು. ಮರದ ತುದಿಯಲ್ಲಿ, ಸೂರ್ಯನ ಬಾಯಿಯಲ್ಲಿ ನಿಂತವನು. ಚಿತ್ರದಲ್ಲಿ ಕತ್ತಲೆ ಅವನಿಗೇ. ಸೂರಿನ ಕೆಳಗೆ ತಣ್ಣಗೆ ಕೂತವರ ಮೇಲೆ ಬೆಳಕು! ಇದು ಯಾವ ಸೂರ್ಯನ ನ್ಯಾಯ?

ಆಗ ನಮಗೆ ತೂಬಗೆರೆಯ ಹೆಸರೇ ಅರ್ಥ ಹೇಳಿತು. ಆ ಹೆಸರಿನಲ್ಲಿ ತೂಬೂ ಇದೆ, ಕೆರೆಯೂ ಇದೆ. ಕೆರೆಯ ತೂಬು ಎತ್ತುವವನು ನೀರಗಂಟಿ. ನಮ್ಮ ಸೀಮೆಯಲ್ಲಿ ಆ ಕೆಲಸ ಬಹುಪಾಲು ಕೇರಿಯವರದು. ಮಳೆಯಲ್ಲಿ ನೆನೆದು, ರಾತ್ರಿಯಲ್ಲಿ ಎದ್ದು, ಕುತ್ತಿಗೆ ಮಟ್ಟ ನೀರಿಗಿಳಿದು ತೂಬು ಎತ್ತಿದವನು ಅವನು. ನೀರು ಹರಿದದ್ದು ಯಾರ ಗದ್ದೆಗೆ ಅಂತ ಹೇಳಬೇಕಾಗಿಲ್ಲ. ಬೆಳಕಿಗೂ ಹಾಗೇ ಒಂದು ತೂಬು ಇದೆ, ಗೆಳೆಯರೆ. ಆಕಾಶದಿಂದ ಅದು ಎಲ್ಲರ ಮೇಲೂ ಬೀಳುತ್ತದೆ. ಚಿತ್ರದ ಒಳಗೆ ಬಂದ ಮೇಲೆ ಯಾರ ಹೊಲಕ್ಕೆ ಹರಿಸಬೇಕು ಅಂತ ಒಬ್ಬ ಕೂತು ತೀರ್ಮಾನ ಮಾಡುತ್ತಾನೆ. ನೀರಿಗೆ ಅಂಥ ತೀರ್ಮಾನ ಮಾಡಿದವರ ಎದುರಿಗೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗಿಳಿದು ನೀರು ಕುಡಿದರು. ಬೆಳಕಿನ ಕೆರೆಗೆ ನಾವು ಇನ್ನೂ ಇಳಿದಿಲ್ಲ.

ಇದು ಉತ್ಪ್ರೇಕ್ಷೆ ಅನ್ನುವವರು ಕ್ಯಾಮರಾದ ಕಥೆ ಕೇಳಲಿ. ಬಣ್ಣದ ಫಿಲಂ ಬಂದ ಕಾಲದಲ್ಲಿ, ಫೋಟೋದ ಬಣ್ಣ ಹದಮಾಡಲು ಅಮೆರಿಕದ ಲ್ಯಾಬುಗಳು ಒಬ್ಬ ಬಿಳಿ ಹೆಂಗಸಿನ ಪಟವನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದವು. ಅದಕ್ಕೆ 'ಷರ್ಲಿ ಕಾರ್ಡ್' ಅಂತ ಹೆಸರು. ಅವಳ ಕೆನ್ನೆ ಸರಿಯಾಗಿ ಬಂದರೆ ಫೋಟೋ ಸರಿ. ಕಪ್ಪು ಮುಖದವರು ಹಲ್ಲು ಕಣ್ಣು ಬಿಟ್ಟರೆ ಬರೀ ಕತ್ತಲೆಯಾಗಿ ಬರುತ್ತಿದ್ದರು. ಮನುಷ್ಯರು ದೂರಿದಾಗ ಅಲ್ಲ, ಚಾಕಲೇಟಿನವರು ಮತ್ತು ಮರದ ಪೀಠೋಪಕರಣದವರು ತಮ್ಮ ಸರಕಿನ ಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ ದೂರಿದಾಗ ಕಂಪನಿ ಫಿಲಮ್ಮಿನ ಕಡೆ ಗಮನ ಕೊಟ್ಟಿತು ಅಂತ ಅಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಯಂತ್ರಕ್ಕೂ ಜಾತಿ ಕಲಿಸಬಹುದು.

ಇದನ್ನು ಅರಿತು ಬರೆದವರೂ ಉಂಟು. ಫ್ರಾನ್ಸಿನವನೇ ಆದ ಮಿಲೆ 1857ರಲ್ಲಿ ಬರೆದ ಚಿತ್ರದಲ್ಲಿ ಮೂವರು ಹೆಂಗಸರು ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯುತ್ತಿದ್ದಾರೆ. ಹಕ್ಕಲು ಅಂದರೆ ಏನು ಅಂತ ನಮ್ಮ ಹಾಸ್ಟೆಲಿನ ಯಾರಿಗೂ ಹೇಳಿಕೊಡಬೇಕಿಲ್ಲ. ನಮ್ಮ ಅವ್ವಂದಿರ ಬೆನ್ನು ಬಾಗಿರುವುದೇ ಅದರಿಂದ. ಆ ಚಿತ್ರದಲ್ಲಿ ಹೊಂಬಿಸಿಲು ಬಿದ್ದಿರುವುದು ದೂರದಲ್ಲಿ, ಮೆದೆಗಳ ಮೇಲೆ, ತುಂಬಿದ ಗಾಡಿಯ ಮೇಲೆ, ಕುದುರೆ ಏರಿದ ಮೇಸ್ತ್ರಿಯ ಸುತ್ತ. ಬಡವಿಯರು ನಿಂತಿರುವುದು ಮಬ್ಬಿನಲ್ಲಿ. ಆದರೆ ಅವನು ಅವರನ್ನು ಮುಂದೆ ತಂದು ನಿಲ್ಲಿಸಿದ, ಬೆಟ್ಟದಷ್ಟು ದೊಡ್ಡದಾಗಿ. ಬೆಳಕು ಯಾರ ಪಾಲಾಗಿದೆ, ದುಡಿಮೆ ಯಾರ ಪಾಲಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪ್ಯಾರಿಸ್ಸಿನ ಸಾಹುಕಾರರಿಗೆ ಆ ಚಿತ್ರ ನೋಡಿ ಸಿಟ್ಟು ಬಂತು. ಬರಬೇಕಾದ್ದೇ. ವ್ಯಾನ್ ಗೋ 1885ರಲ್ಲಿ ಬರೆದ 'ಆಲೂಗಡ್ಡೆ ತಿನ್ನುವವರು' ಚಿತ್ರದಲ್ಲಿ ಒಂದೇ ಒಂದು ದೀಪ. ನೆಲ ಅಗೆದ ಕೈಯೇ ತಟ್ಟೆಗೂ ಹೋಗುತ್ತಿದೆ ಅಂತ ತೋರಿಸಬೇಕು ಅನ್ನುವುದು ಅವನ ಹಟ. ಅದಕ್ಕೇ ಆ ದೀಪ ಅವರ ಕೈಯ ಗಂಟುಗಳನ್ನು ಹುಡುಕಿಕೊಂಡು ಹೋಗುತ್ತದೆ.

ಇಲ್ಲೇ ನಮ್ಮ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗಿ ಸ್ವೆತೊಸ್ಲಾವ್ ರೋರಿಕ್ ಬರೆದ ಚಿತ್ರಗಳನ್ನು ನೋಡಿ. ತಾತಗುಣಿ ತೋಟದಲ್ಲಿ ಬಾಳಿದ ರಷ್ಯನ್ ಕಲಾವಿದ, 1993ರಲ್ಲಿ ತೀರಿಕೊಂಡರು. ನಮ್ಮ ಕಡೆಯ ದುಡಿಯುವ ಜನರನ್ನು ಬರೆದರು, ಅದಕ್ಕೆ ನಮಸ್ಕಾರ. ನೋಡಿ, ಆಮೇಲೆ ನೀವೇ ಕೇಳಿಕೊಳ್ಳಿ. ಉರಿಯುವ ಆಕಾಶ ಮೊದಲು ಕಣ್ಣಿಗೆ ಬೀಳುತ್ತದಾ, ಅದರ ಕೆಳಗಿನ ಮನುಷ್ಯನ ಮುಖ ಮೊದಲು ಬೀಳುತ್ತದಾ? ನೋಡುವುದನ್ನೂ ನಾವು ಕಲಿಯಬೇಕು. ಯಾವ ಚಿತ್ರದ ಮುಂದೆ ನಿಂತರೂ ಬೆಳಕು ಎಲ್ಲಿಂದ ಬಂತು, ಯಾರ ಮೇಲೆ ನಿಂತಿತು ಅಂತ ಕೇಳುವುದು ಶುರುವಾದರೆ ಅರ್ಧ ಕಲಿತ ಹಾಗೆ.

ಇಷ್ಟು ಹೊತ್ತು ಬೇರೆಯವರನ್ನು ಬೈದೆವು. ಈಗ ನಮ್ಮನ್ನು ಬೈದುಕೊಳ್ಳೋಣ.

ನಕ್ಕಿದ್ದಕ್ಕೆ ನಾಚಿಕೆಯಾಗಿ ನಾವು ಒಂದು ಕರಡು ಬರೆದೆವು. ಇದ್ದಿಲಿನಲ್ಲಿ, ದೊಡ್ಡ ಹಾಳೆಯ ಮೇಲೆ. ಮರ, ಮರದ ಮೇಲೆ ಅಪ್ಪ, ಕೆಳಗೆ ಅವ್ವ. ಎಲ್ಲ ಕಪ್ಪು. ಎಲುಬು ಎಣಿಸಬಹುದು. ಕಣ್ಣು ಗುಳಿ ಬಿದ್ದಿದೆ. ಬಹಳ ಕ್ರಾಂತಿಕಾರಿಯಾಗಿ ಬಂದಿದೆ ಅಂತ ನಾವೇ ಬೆನ್ನು ತಟ್ಟಿಕೊಂಡೆವು. ಭಾನುವಾರ ಗೆಳೆಯನ ಅವ್ವ ಮಗನನ್ನು ನೋಡೋಕೆ ಬಂದಿದ್ದಳು. ಬುತ್ತಿಯ ಜೊತೆ ಹಲಸಿನ ಬೀಜ ಹುರಿದು ತಂದಿದ್ದಳು. ಹಾಳೆ ತೋರಿಸಿದೆವು. ಬಹಳ ಹೊತ್ತು ನೋಡಿದಳು.

"ಇದ್ಯಾರ್ರಪ್ಪಾ?"

"ನೀನೇ ಕಣವ್ವಾ."

"ನಾನಾ? ನನ್ ಮಕ ಹಿಂಗೈತಾ? ಬರೀ ಅಳೋದೇ ಬರ್ದಿದೀರಲ್ಲಪ್ಪಾ. ಕಾಯಿ ಒಡೀದಂಗೆ ಕೆಳೀಕ್ ಬಂದ್ರೆ ನಾವ್ ನಗ್ತೀವಿ ಕಣ್ರೋ. ಅದ್ ಕಾಣ್ಲಿಲ್ವಾ ನಿಮಗೆ?"

ನಮ್ಮ ಬಾಯಿಗೆ ಹಲಸಿನ ಅಂಟು ಬಿದ್ದ ಹಾಗಾಯಿತು. ಪ್ರದರ್ಶನದ ಕಲಾವಿದರು ಆಕೆಯ ಗಂಡನ ಮುಖ ಕಿತ್ತುಕೊಂಡಿದ್ದರು. ನಾವು ಆಕೆಯ ನಗು ಕಿತ್ತುಕೊಂಡಿದ್ದೆವು. ಹಿಂಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಆದರೂ ಹೇಳುತ್ತೇವೆ. ನಮ್ಮ ಪೋಸ್ಟರುಗಳಲ್ಲಿ, ನಮ್ಮ ಪದ್ಯಗಳಲ್ಲಿ, ಈ ಬರೆಯುವ ಕೈಯ ಪದ್ಯಗಳಲ್ಲೂ, ನಮ್ಮ ಜನ ಯಾವಾಗಲೂ ಕತ್ತಲಲ್ಲೇ ಇರುತ್ತಾರೆ. ಕತ್ತಲೆ ಸುಳ್ಳಲ್ಲ. ಗುಡಿಸಲು ಉರಿದದ್ದು ನಿಜ, ಅದನ್ನು ಬರೆಯಲೇಬೇಕು. ಆದರೆ ಹಗ್ಗ ಎಷ್ಟು ಬಿಡಬೇಕು ಅಂತ ಆಕೆಯ ಅಂಗೈಗೆ ಗೊತ್ತಿದೆಯಲ್ಲ, ಕಾಯಿಯ ಸದ್ದು ಕೇಳಿ ಇನ್ನು ನಾಲ್ಕು ದಿನ ಬಿಡಿ ಅನ್ನುವ ಬುದ್ಧಿ ಆಕೆಯ ಗಂಡನಿಗೆ ಇದೆಯಲ್ಲ, ಅದೂ ನಿಜ. ಆ ವಿದ್ಯೆಯ ಮೇಲೆ ಬೆಳಕು ಬಿಡದೆ ಬರೀ ಎಲುಬಿನ ಮೇಲೆ ಬಿಟ್ಟರೆ, ನೋಡಿದವನು ಅಯ್ಯೋ ಪಾಪ ಅಂದು ಮುಂದಕ್ಕೆ ಹೋಗುತ್ತಾನೆ. ಅಯ್ಯೋ ಪಾಪ ನಮಗೆ ಬೇಡ. ಪಿಸಾರೋನ ನೆರಳು ನಮಗೆ ಕಲಿಸಬೇಕಾದ್ದು ಇದೇ. ನೆರಳಿನಲ್ಲಿ ನಿಂತವರಿಗೂ ಅವರದೇ ಬಣ್ಣ ಇರುತ್ತದೆ.

"ಬಣ್ಣ ಹೊಟ್ಟೆಗೆ ಬರುತ್ತಾ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬರಲ್ಲ. ಮರ ಬಂದರೆ ಹೊಟ್ಟೆಗೆ ಬರುತ್ತದೆ. ಪರಿಶಿಷ್ಟರಿಗೆ ಸರಕಾರ ಮಂಜೂರು ಮಾಡಿದ ನೆಲ ಕೈಬಿಟ್ಟು ಹೋಗದ ಹಾಗೆ 1978ರಲ್ಲಿ ರಾಜ್ಯದಲ್ಲಿ ಕಾಯಿದೆ ಆಯಿತು. ಪಿ.ಟಿ.ಸಿ.ಎಲ್. ಅಂತ ಎಲ್ಲರ ಬಾಯಲ್ಲೂ ಇರುವುದು ಅದೇ. ಷರತ್ತು ಮುರಿದು ಕೊಂಡ ನೆಲವನ್ನು ಬಿಡಿಸಿ ಮೂಲ ಮಂಜೂರಿದಾರರಿಗೆ, ಅವರಿಲ್ಲದಿದ್ದರೆ ಅವರ ವಾರಸುದಾರರಿಗೆ ಕೊಡಿಸಲು ಉಪವಿಭಾಗಾಧಿಕಾರಿಗೆ ಅಧಿಕಾರ ಇದೆ. ಅರ್ಜಿ ಹಾಕಲು ತಡ ಮಾಡಬಾರದು, ಸಮಂಜಸ ಕಾಲದೊಳಗೆ ಬರಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೆಬ್ಬೆಟ್ಟು ಒತ್ತಿದವನಿಗೆ ಕಾಯಿದೆ ಗೊತ್ತಾಗುವುದೇ ಮೊಮ್ಮಗ ಓದಿದ ಮೇಲೆ! ಹೋರಾಟ ಆಯಿತು. 2023ರಲ್ಲಿ ಕಾಲಮಿತಿ ಇಲ್ಲ ಅಂತ ವಿಧಾನಮಂಡಲ ತಿದ್ದುಪಡಿ ತಂದಿತು. ಇನ್ನೊಂದು ಕಡೆ, ರೈತನಲ್ಲದವನೂ ಕೃಷಿ ಜಮೀನು ಕೊಳ್ಳದ ಹಾಗೆ ತಡೆದಿದ್ದ ಭೂಸುಧಾರಣೆ ಕಾಯಿದೆಯ 79-ಎ, 79-ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿದ ಮೇಲೆ ಈ ಸೀಮೆಯ ನೆಲದ ಬೆಲೆ ಎಲ್ಲಿಗೆ ಹೋಯಿತು ಅಂತ ನಿಮಗೆ ಗೊತ್ತು. ಎರಡು ಹಲಸಿನ ಮರ ನಿಂತ ಬದು ಈಗ ಯಾರ ಕಣ್ಣಿಗೂ ಬದುವಾಗಿ ಕಾಣುವುದಿಲ್ಲ, ಸೈಟಾಗಿ ಕಾಣುತ್ತದೆ.

ಹಾಗಾದರೆ ಚಿತ್ರ ಯಾಕೆ? ತಾತ ನೆಟ್ಟ ಮರ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ನಮ್ಮದು ಅಂತ ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಚಿತ್ರ ಬರೆಯೋಣ ಅಂದ ಮೇಲೆ, ಮರದ ಕೆಳಗೆ ಯಾರ ನೆಲ ಅಂತ ಬರೆಯಬೇಕು ಅನ್ನುವ ಪ್ರಶ್ನೆ ಎದ್ದ ಮೇಲೆ, ನಮ್ಮ ಗೆಳೆಯ ಊರಿಗೆ ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಮಂಜೂರಾತಿ ಕಾಗದ ಹುಡುಕಿದ. ಸಿಕ್ಕಿತು. ಅರ್ಧ ಗೆದ್ದಲು ತಿಂದಿದೆ, ಅರ್ಧ ಉಳಿದಿದೆ. ಸರ್ವೆ ನಂಬರು ಉಳಿದ ಅರ್ಧದಲ್ಲಿದೆ. ಅರ್ಜಿ ಬರೆಯೋಕೆ ನಾವು ಮೂವರು ಕೂತಿದ್ದೇವೆ. ಗೆಲ್ಲುತ್ತೇವೋ ಇಲ್ಲವೋ ಕಾದು ನೋಡಬೇಕು. ಚಿತ್ರ ಹೊಟ್ಟೆ ತುಂಬಿಸಲಿಲ್ಲ, ಟ್ರಂಕು ತೆಗೆಸಿತು.

ಗೋಡೆಗೆ ಏನು ಬರೆಯಬೇಕು ಅಂತ ಈಗ ನಮಗೆ ಅನುಮಾನ ಇಲ್ಲ. ಒಂದು ಹಲಸಿನ ಮರ. ತುದಿಯಲ್ಲಿ ಅಪ್ಪ, ಬಿಸಿಲೆಲ್ಲ ಅವನ ಮುಖದ ಮೇಲೆ. ಕೆಳಗೆ ಅವ್ವ, ಹಗ್ಗ ಹಿಡಿದ ಅಂಗೈ ದೊಡ್ಡದಾಗಿ, ಮುಖದಲ್ಲಿ ಕಾಯಿ ಒಡೆಯದೆ ಇಳಿದ ನಗು. ಗೋಣಿಚೀಲ ಹಾಸುವ ತಂಗಿ, ಅವಳ ಪಕ್ಕ ಸ್ಕೂಲಿನ ಚೀಲ. ನೆರಳನ್ನು ನೀಲಿಯಲ್ಲಿ ಬರೆಯುತ್ತೇವೆ. ಬುಡದಲ್ಲಿ ಸಣ್ಣಗೆ ಆ ಸರ್ವೆ ನಂಬರು. ಮರದ ಮೇಲೆ ಯಾರ ಹಕ್ಕು ಅಂತ ತೀರ್ಪು ಬರುವವರೆಗೆ ಚಿತ್ರಕ್ಕೆ ಹೆಸರಿಡುವುದಿಲ್ಲ. ಹೆಸರಿನ ಜಾಗ ಖಾಲಿ ಇರಲಿ.

ನೀವೂ ರಜಕ್ಕೆ ಊರಿಗೆ ಹೋದಾಗ ಸುಮ್ಮನೆ ಬರಬೇಡಿ. ನಿಮ್ಮ ಅವ್ವ ಅಪ್ಪ ಹತ್ತುವ ಮರ ಯಾವುದು, ಹುಣಸೆಯೋ ಮಾವೋ ತೆಂಗೋ, ನೋಡಿ. ನೆಟ್ಟವರು ಯಾರು ಕೇಳಿ. ಪಹಣಿ ತೆಗೆಸಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಅವರ ಮುಖದ ಮೇಲೆ ಬಿಸಿಲು ಬೀಳುತ್ತದೆ ಅಂತ ಗುರುತು ಮಾಡಿಕೊಳ್ಳಿ. ಇದ್ದಿಲು ಇದ್ದರೆ ಇದ್ದಿಲಿನಲ್ಲಿ, ಬಣ್ಣ ಇದ್ದರೆ ಬಣ್ಣದಲ್ಲಿ ಬರೆದು ತನ್ನಿ. ಬರೆದದ್ದನ್ನು ಮೊದಲು ಅವರಿಗೇ ತೋರಿಸಿ. ಇದು ನಾನಲ್ಲ ಅಂದರೆ ಅಳಿಸಿ ಮತ್ತೆ ಬರೆಯಿರಿ.

ಮೂಲೆಯಲ್ಲಿ ಕೂರುವ ಗೆಳೆಯನಿಗೆ ಒಂದು ಮಾತು. ಆವತ್ತು ನಕ್ಕಿದ್ದು ನಮ್ಮ ತಪ್ಪು. ಬ್ರಷ್ ತೊಳೆದು ಇಟ್ಟಿದ್ದೇವೆ. ಮೊದಲ ಗೆರೆ ನೀನೇ ಎಳೆಯಬೇಕು.

ಜೈ ಭೀಮ್.